ಹೆಚ್ಚಿದೆ

ಜೀಪು ಜಾವಳಿ ದಾಟಿದರೂ ಗಾನವಿ ತೊಡೆಯ ಮೇಲಿದ್ದ ಟ್ಯಾಬನ್ನು ತೆರೆದಿರಲಿಲ್ಲ. ತೆರೆದು ನೋಡಿದರೆ ಇವಳಿಗೇ ಇನ್ನೂ ಖಾತ್ರಿಯಿಲ್ಲ ಎಂದುಕೊಂಡಾರು, ಪಕ್ಕದಲ್ಲಿ ಕೂತು ಗಾಡಿ ಓಡಿಸುತ್ತಿದ್ದ ಶಾಂತವೀರಪ್ಪನವರು. ತೆರೆಯದೇ ಕೂತರೆ, ಇಷ್ಟು ದೊಡ್ಡ ವಿಷಯ ಎಬ್ಬಿಸಿ ಈಗ ಹಾಯಾಗಿ ಗುಡ್ಡ ನೋಡುತ್ತಿದ್ದಾಳೆ ಎಂದುಕೊಂಡಾರು. ಕಂಪನಿಯ ಜನರಲ್ ಮ್ಯಾನೇಜರ್ ಆದವರು ಏನನ್ನೂ ಅಂದುಕೊಳ್ಳದೆ ಬರೀ ಗೇರು ಬದಲಿಸುತ್ತಿರಬಹುದು ಎಂಬುದು ಅವಳಿಗೆ ಹೊಳೆಯಲಿಲ್ಲ. ರಸ್ತೆಯ ಎರಡು ಬದಿಗೂ ಕಾಫಿ ಕೊಯ್ಲು ನಡೆದಿತ್ತು. ಎಲ್ಲಿಂದಲೋ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ನೀರಿನ ಹುಳಿ ವಾಸನೆ ಬಂದು ಜೀಪಿನೊಳಗೆ ಕೂತುಬಿಟ್ಟಿತ್ತು. ಗಿಡಗಳ ನಡುವಿನಿಂದ ಹೆಂಗಸರು ಸದ್ದಿಗೆ ತಿರುಗಿ ನೋಡಿದಾಗಲೆಲ್ಲ ಅವಳ ಕೈ ತಾನೇ ತಾನಾಗಿ ಟ್ಯಾಬಿನ ಮೇಲೆ ವೇಲು ಎಳೆಯುತ್ತಿತ್ತು, ಅದರೊಳಗೆ ತಮ್ಮ ಬಗ್ಗೆ ಏನೋ ಇದೆಯೆಂದು ಅವರಿಗೆ ಕಂಡುಬಿಟ್ಟೀತು ಎಂಬಂತೆ. ಇತ್ತು ಕೂಡ.

"ನಿದ್ದೆ ಬಂತಾ ಗಾನವಿಯವ್ರೇ?"

"ಇಲ್ಲ ಸರ್."

"ಕಳಸ ಮುಟ್ಟೋದ್ರೊಳಗೆ ಇನ್ನೊಂದ್ಸಲ ನೋಡ್ಕೊಂಬಿಡಿ ಮಾರಾಯ್ರೆ. ಆ ಹೆಂಗಸಿನ ಬಾಯಿ ಜೋರು. ಕುದುರೆಮುಖದ ಗಣಿ ಕ್ಯಾಂಟೀನಲ್ಲಿ ಪಳಗಿದ್ದು. ನಾವು ಒಂದು ಮಾತು ತಡವರಿಸಿದ್ರೆ ನಮ್ಮನ್ನೇ ಕಳ್ಳರು ಮಾಡಿ ಕಳಿಸ್ತಾಳೆ."

ಆ ಹೆಂಗಸು ಎಂದರೆ ರುಕ್ಮಿಣಮ್ಮ. ಕಳಸದಾಚೆಯ ಹೊನ್ನೆಗದ್ದೆ ಎಸ್ಟೇಟಿನಲ್ಲಿ ಕೆಲಸದವರ ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕುವ ಅಡುಗೆಮನೆ ಆಕೆಯ ಕೈಯಲ್ಲಿತ್ತು. ಆ ಅಕ್ಕಿಯನ್ನು ಆಕೆ ಹೊರಗೆ ಮಾರುತ್ತಿದ್ದಾಳೆ ಎಂದು ಇವತ್ತು ಆಕೆಯನ್ನು ಕೆಲಸದಿಂದ ಬಿಡಿಸುವುದಿತ್ತು. ಮಾರುತ್ತಿದ್ದಾಳೆ ಎಂದು ಗಾನವಿ ಎಲ್ಲಿಯೂ ಹೇಳಿರಲಿಲ್ಲ. ಮಾತಿನಲ್ಲಿ ಅವಳು ಯಾವತ್ತೂ ಜಾಗ್ರತೆ. ಚಿಕ್ಕಮಗಳೂರಿನ ಹೆಡ್ಡಾಫೀಸಿನ ಗೋಡೆಯ ಮೇಲೆ ಒಂದು ಚಿತ್ರ ಮೂಡಿಸಿ, "ಇಲ್ಲಿ ಏನೋ ಹೊಂದಿಕೆಯಾಗುತ್ತಿಲ್ಲ" ಎಂದಷ್ಟೇ ಹೇಳಿದ್ದಳು. ಉಳಿದದ್ದನ್ನು ಮೇಜಿನ ಸುತ್ತ ಕೂತವರೇ ಒಬ್ಬರಾದ ಮೇಲೊಬ್ಬರು ಪೂರ್ತಿ ಮಾಡಿದ್ದರು. ಯಾರ ಬಾಯಿಂದ ಮೊದಲು ಕಳ್ಳತನ ಎಂಬ ಮಾತು ಬಂತು ಎಂದು ಎಷ್ಟು ನೆನಪಿಸಿಕೊಂಡರೂ ಸಿಗುತ್ತಿರಲಿಲ್ಲ. ತನ್ನ ಬಾಯಿಂದಲ್ಲ. ಅದು ಖಂಡಿತ. ಅಷ್ಟು ಖಂಡಿತವಾಗಿ ತಾನು ಅದನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತಿರುವುದೇ ಅವಳಿಗೆ ಅನುಮಾನ ತರಿಸುತ್ತಿತ್ತು.

ಆ ಚಿತ್ರ ಮಾಡಲು ಹಿಡಿದದ್ದು ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು. ಅದಕ್ಕೆ ಮೊದಲು ಹಾಗಿರಲಿಲ್ಲ. ಡಿಗ್ರಿ ಮುಗಿಸಿ ಈ ಆಫೀಸಿಗೆ ಸೇರಿದ ಮೇಲೆ ವರ್ಷಗಟ್ಟಲೆ ಅವಳು ಆರು ಎಸ್ಟೇಟುಗಳ ಲೆಕ್ಕವನ್ನು ಸಾಲು ಸಾಲಾಗಿ ಕೂಡಿಸಿ, ಸೂತ್ರ ತಪ್ಪಿದರೆ ಮತ್ತೆ ಮೊದಲಿನಿಂದ ಹಾಕಿ, ಕಣ್ಣು ಉರಿಸಿಕೊಂಡು ಪ್ರಿಂಟು ತೆಗೆದು ಮೀಟಿಂಗಿನ ಬಾಗಿಲವರೆಗೆ ಒಯ್ದು ಕೊಟ್ಟು ಬರುತ್ತಿದ್ದಳು. ಒಳಗೆ ಯಾರೋ "ಇದು ಯಾರು ಮಾಡಿದ್ದು?" ಎಂದರೆ, "ನಮ್ಮ ಕಂಪ್ಯೂಟರ್ ರೈಟರ್" ಎಂದು ಉತ್ತರ. ಎಸ್ಟೇಟಿನಲ್ಲಿ ಹಾಜರಿ ಬರೆಯುವವನು ರೈಟರ್ ಆದರೆ, ಕಂಪ್ಯೂಟರಿನಲ್ಲಿ ಬರೆಯುವವಳು ಕಂಪ್ಯೂಟರ್ ರೈಟರ್, ಸರಿಯಾಗಿಯೇ ಇತ್ತು. ಆದರೂ ಆ ಹೆಸರು ಬಾಗಿಲ ಸಂದಿಯಿಂದ ಕಿವಿಗೆ ಬಿದ್ದ ದಿನ ಅವಳು ಊಟದ ಡಬ್ಬಿ ತೆರೆಯದೆ ವಾಪಸು ಒಯ್ದಿದ್ದಳು. ಆಮೇಲೆ ಹೊಸ ಸಾಫ್ಟ್‌ವೇರ್ ಬಂತು. ಬೆಂಗಳೂರಿನಿಂದ ಬಂದವನು ಗೋಡೆಯ ಮೇಲೆ ತೋರಿಸುತ್ತ, ಕೋಡಿಂಗ್ ಬೇಡ, ಸೂತ್ರ ಬೇಡ, ಬೆರಳಲ್ಲಿ ಎಳೆದು ಇಲ್ಲಿ ಬಿಟ್ಟರೆ ಸಾಕು ಎಂದ. ಎಳೆದು ಬಿಟ್ಟಳು. ಮೋಡ ಸರಿದು ಗುಡ್ಡ ಕಾಣುವ ಹಾಗೆ ಒಂದು ವರ್ಷದ ಕೊಯ್ಲು ಒಮ್ಮೆಲೇ ಕಂಡಿತು. ಯಾವ ತೋಟದಲ್ಲಿ ಗೊಬ್ಬರ ಹೋಗಿ ಫಸಲು ಬಂದಿಲ್ಲ, ಯಾವ ಡ್ರೈಯಿಂಗ್ ಯಾರ್ಡಿನಲ್ಲಿ ಕಾಫಿ ಸರಿಯಾಗಿ ಒಣಗುತ್ತಿಲ್ಲ, ಎಲ್ಲ ಬಣ್ಣಬಣ್ಣವಾಗಿ. ಆ ತಿಂಗಳು ಬಾಗಿಲವರೆಗೆ ಹೋದವಳನ್ನು ಶಾಂತವೀರಪ್ಪನವರು "ಒಳಗೆ ಬನ್ನಿ, ಕೂತ್ಕೊಳ್ಳಿ" ಎಂದರು. ಕೂತಳು. ಈಗ ಅವಳು ಬಾರದೆ ಮೀಟಿಂಗು ಶುರುವಾಗುತ್ತಿರಲಿಲ್ಲ. ಪ್ಲಾಂಟರುಗಳ ಮಕ್ಕಳು, ಅವಳಿಗಿಂತ ಹತ್ತು ಪಟ್ಟು ಇಂಗ್ಲಿಷು ಬಲ್ಲವರು, "ಮೇಡಂ, ಸ್ವಲ್ಪ ಜೂಮ್ ಮಾಡಿ" ಎನ್ನುತ್ತಿದ್ದರು. ಮೇಜಿನ ಮೇಲೆ ಅವಳ ಮುಂದೆಯೂ ಒಂದು ನೀರಿನ ಬಾಟಲಿ ಇಡುತ್ತಿದ್ದರು. ಅದರ ಮುಚ್ಚಳವನ್ನು ಅವಳು ಯಾವತ್ತೂ ತೆರೆಯುತ್ತಿರಲಿಲ್ಲ. ಇಷ್ಟು ಸುಲಭವಾಗಿ ಸಿಕ್ಕಿದ್ದು ತನ್ನದು ಹೇಗಾದೀತು? ಪಕ್ಕದ ಮೇಜಿನ ಸುದೀಪ, ಎಸ್ಟೇಟುಗಳಿಗೆ ಸಾಮಾನು ಕಳಿಸುವವನು, ಒಂದು ಮಧ್ಯಾಹ್ನ ಅವಳ ಬೆನ್ನ ಹಿಂದೆ ನಿಂತು ನೋಡಿಯೇ ಅರ್ಧ ಕಲಿತುಬಿಟ್ಟಿದ್ದ. "ಇಷ್ಟೇನಾ ಮೇಡಂ?" ಎಂದು ಅವನು ನಕ್ಕಿದ್ದು ಮೆಚ್ಚುಗೆಯೋ ಗೇಲಿಯೋ ತಿಳಿಯದೆ ಅವಳು ಅವತ್ತಿನಿಂದ ಪರದೆಯನ್ನು ಸ್ವಲ್ಪ ಗೋಡೆಯ ಕಡೆಗೆ ತಿರುಗಿಸಿ ಕೂರುತ್ತಿದ್ದಳು.

ಜೀಪು ದೊಡ್ಡ ತಿರುವು ಇಳಿಯಿತು. ಶಾಂತವೀರಪ್ಪನವರು ಹಾರ್ನ್ ಒತ್ತಿದರು, ಎದುರಿಗೆ ಯಾರೂ ಇರಲಿಲ್ಲ. ಅವಳು ಕೊನೆಗೆ ಟ್ಯಾಬ್ ತೆರೆದಳು. ಎರಡು ಗೆರೆ. ಅಡುಗೆಮನೆಯವರು ಪ್ರತಿ ವಾರ ಯಾವ ಸಾಮಾನು ಎಷ್ಟಿದೆ ಎಂದು ಫೋನಿನ ಆ್ಯಪಿಗೆ ಬಾಯಲ್ಲಿ ಹೇಳಿದರೆ ಸಾಫ್ಟ್‌ವೇರೇ ಅದನ್ನು ಕನ್ನಡದಲ್ಲಿ ಬರೆದುಕೊಳ್ಳುವಂತೆ ಮಾಡಿದ್ದು ಅವಳೇ. ಮೊದಲು ಅಂಕಿ ತುಂಬಲು ಜಾಗವಿತ್ತು, ಯಾರೂ ತುಂಬುತ್ತಿರಲಿಲ್ಲ, ತೆಗೆದುಹಾಕಿದಳು. ಸಾಮಾನು ಬೇಕೆಂದು ಆಫೀಸಿಗೆ ಫೋನ್ ಮಾಡುವುದನ್ನೂ ನಿಲ್ಲಿಸಿದಳು, ಬಾಯಿಮಾತಿಗೆ ದಾಖಲೆಯಿರುವುದಿಲ್ಲ ಎಂದು. ಎಸ್ಟೇಟಿನವರು ಹೇಳಿದ್ದನ್ನೆಲ್ಲ ಸಾಫ್ಟ್‌ವೇರ್ ಗುಂಪು ಮಾಡಿ, ಸಾಲದಿದ್ದರೆ ಹಳದಿ, ಹೆಚ್ಚಿದ್ದರೆ ಹಸಿರು ಬಣ್ಣ ಕೊಡುತ್ತಿತ್ತು. ಹಸಿರಿದ್ದ ಕಡೆಗೆ ಹೋಗುವ ಅಕ್ಕಿಯನ್ನು ತಾನೇ ತಗ್ಗಿಸುತ್ತಿತ್ತು, ಕೊನೆಗೆ ನಿಲ್ಲಿಸಿಯೇ ಬಿಡುತ್ತಿತ್ತು. ಗುಂಪು ಮಾಡುವ ಮೊದಲು ಅದು ಒಮ್ಮೆ ಅವಳನ್ನು ವಿನಯದಿಂದ ಕೇಳಿತ್ತು: ಜಾಸ್ತಿ ಇದೆ, ಮಿಕ್ಕಿದೆ, ಬೇಕಾದಷ್ಟಿದೆ, ಹೆಚ್ಚಿದೆ, ಇವೆಲ್ಲ ಒಂದೇ ಅರ್ಥವೇ? ಕೆಳಗೆ ಹೌದು, ಅಲ್ಲ ಎಂದು ಎರಡು ಗುಂಡಿ. ಅದು ಪ್ರಶ್ನೆ ಕೇಳುವ ರೀತಿ ಅವಳಿಗೆ ಇಷ್ಟವಾಗುತ್ತಿತ್ತು. ಮನೆಯಲ್ಲೂ ಆಫೀಸಿನಲ್ಲೂ ಅವಳನ್ನು ಯಾರೂ ಹಾಗೆ, ಉತ್ತರಕ್ಕೆ ಕಾಯುತ್ತ, ಕೇಳಿದವರಿರಲಿಲ್ಲ. ಹೌದು ಒತ್ತಿದ್ದಳು. ಹೊನ್ನೆಗದ್ದೆಯ ಹಸಿರು ಗೆರೆ ವಾರವಾರಕ್ಕೂ ಮೇಲೇರಿತ್ತು. ಅದರ ಪಕ್ಕದಲ್ಲೇ ಕೆಂಪು ಗೆರೆ, ಮಕ್ಕಳಿಗೆ ಅನ್ನವಿಲ್ಲ, ಬರೀ ಗಂಜಿ ಎಂದು ಕೆಲಸದವರು ಹೇಳಿದ ದೂರು, ಅದೂ ಮೇಲೇರಿತ್ತು. ಅಕ್ಕಿ ಕಳಿಸುವುದನ್ನು ನಿಲ್ಲಿಸಿದ ಮೇಲೂ ಹೆಚ್ಚಿದೆ ಎನ್ನುತ್ತಾಳೆಂದರೆ ಎಷ್ಟು ಕೂಡಿಟ್ಟಿರಬೇಕು, ಎಂದಿದ್ದರು ಮೀಟಿಂಗಿನಲ್ಲಿ ಒಬ್ಬರು. ಚಂದದ ಚಿತ್ರ. ತಾನು ಮಾಡಿದ್ದರಲ್ಲೇ ಚಂದದ್ದು.

ಹೊನ್ನೆಗದ್ದೆ ಮುಟ್ಟಿದಾಗ ಊಟದ ಹೊತ್ತು. ಕೆಲಸದವರು ಸಾಲಾಗಿ ವಾಸವಿರುವ ಲೈನು ಮನೆಗಳ ತುದಿಗೆ ಹೆಂಚಿನ ಉದ್ದನೆ ಕಟ್ಟಡ. ಕೊಯ್ಲಿಗೆಂದು ಹೊರಗಿನಿಂದ ಬಂದ ಸಂಸಾರಗಳೂ ಸೇರಿ ಜಗಲಿಯ ತುಂಬ ಮಕ್ಕಳು, ಮಕ್ಕಳನ್ನು ನೋಡಿಹೋಗಲು ಬಂದ ಅಮ್ಮಂದಿರು. ಅವರ ಕೈಗಳಲ್ಲಿ ಕಾಫಿ ಹಣ್ಣಿನ ಅಂಟು ಒಣಗಿ ಕಪ್ಪಾಗಿತ್ತು. ಜೀಪು ನೋಡಿ ಮಾತು ನಿಂತಿತು. ಗಾನವಿ ಇಳಿದಳು. ತಟ್ಟೆಗಳ ಕಡೆ ನೋಡಬಾರದು ಎಂದುಕೊಂಡೇ ನೋಡಿದಳು: ಬೇಯಿಸಿದ ಗೆಣಸು, ನೀರಿನಂಥ ಗಂಜಿ. ಕಳ್ಳತನಕ್ಕೆ ಸಾಕ್ಷಿ ಕಂಡಿತೆಂದು ಅವಳಿಗೆ ಒಂದು ಕ್ಷಣ ಸಮಾಧಾನವಾಯಿತು, ಆ ಸಮಾಧಾನದ ಬಗ್ಗೆ ಮರುಕ್ಷಣ ಹೇಸಿಗೆಯಾಯಿತು.

ರುಕ್ಮಿಣಮ್ಮ ಸೌಟು ಹಿಡಿದೇ ಹೊರಗೆ ಬಂದಳು. ದಪ್ಪ ಹೆಂಗಸು, ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು.

"ಬಂದ್ರಾ? ಅಂತೂ ಬಂದ್ರಲ್ಲ. ನಾನು ಅಕ್ಕಿ ಲಾರಿ ಬಂತು ಅಂದ್ಕೊಂಡೆ, ಸಾಹೇಬ್ರು ಬಂದ್ರು."

"ರುಕ್ಮಿಣಮ್ಮ, ಒಳಗೆ ಕೂತು ಮಾತಾಡೋಣ" ಎಂದರು ಶಾಂತವೀರಪ್ಪನವರು.

"ಒಳಗೆ ಎಂತಕ್ಕೆ? ನನ್ನನ್ನ ಕಳ್ಳಿ ಅಂತ ಊರಿಗೆಲ್ಲ ಹೊರಗೇ ಹೇಳಿದ್ದಲ್ದಾ? ಮೇಸ್ತ್ರಿ ಹೇಳಿದ, ಹಾಲಿನೋನು ಹೇಳಿದ. ಬನ್ನಿ, ನೋಡಿ. ಉಗ್ರಾಣ ನೋಡಿ, ನನ್ನ ಮನೆ ನೋಡಿ, ನನ್ನ ಟ್ರಂಕು ನೋಡಿ. ಬೆಲ್ಲ ನಾನು ತಗೊಂಡಿದೀನಿ. ದೀಪಾವಳಿಗೆ ಒಂದಚ್ಚು. ಬೇಕಿದ್ರೆ ಬರ್ಕೊಳಿ. ಅಕ್ಕಿ ಮುಟ್ಟಿದ್ರೆ ನನ್ನ ಕೈ ಸೇದಿಹೋಗ್ಲಿ."

ಬೆಲ್ಲ ಒಪ್ಪಿಕೊಂಡಿದ್ದು ಜಾಣತನ, ಚಿಕ್ಕದನ್ನು ಒಪ್ಪಿ ದೊಡ್ಡದನ್ನು ಮುಚ್ಚುವುದು, ಎಂದು ಗಾನವಿಗೆ ಅನ್ನಿಸಿತು. ಅವಳು ಟ್ಯಾಬ್ ಎತ್ತಿ, ತಡವರಿಸಬಾರದೆಂದು ಜೀಪಿನಲ್ಲಿ ಮನಸ್ಸಿನಲ್ಲೇ ಹೇಳಿನೋಡಿಕೊಂಡಿದ್ದ ಮಾತನ್ನು ಹೇಳಿದಳು. "ನೀವೇ ಪ್ರತಿ ವಾರ ಅಕ್ಕಿ ಇದೆ ಅಂತ ಹೇಳಿದೀರಲ್ಲ?"

"ನಾನಾ? ಇದೆ ಅಂತ? ಯಾವಾಗ?"

"ಫೋನಲ್ಲಿ ನಿಮ್ಮ ಮಾತೇ ಇದೆ."

"ಇದ್ರೆ ಓದಮ್ಮ. ಜೋರಾಗಿ ಓದು. ನಂಗೂ ಕೇಳ್ಲಿ ನಾನೆಂತ ಹೇಳಿದೀನಿ ಅಂತ."

ಗೆರೆಯನ್ನು ಬೆರಳಲ್ಲಿ ಒತ್ತಿದರೆ ಅದರ ಹಿಂದಿನ ಮಾತು ತೆರೆದುಕೊಳ್ಳುತ್ತದೆ, ಬೆಂಗಳೂರಿನವನು ಅದನ್ನೂ ತೋರಿಸಿಕೊಟ್ಟಿದ್ದ. ಅವಳು ಈವರೆಗೆ ಒತ್ತಿರಲಿಲ್ಲ. ಒತ್ತುವ ಅಗತ್ಯವೇ ಬಂದಿರಲಿಲ್ಲ, ಗೆರೆ ಅಷ್ಟು ಸ್ಪಷ್ಟವಾಗಿತ್ತು. ಈಗ ಒತ್ತಿದಳು. ಓದಲು ಬಾಯಿ ತೆರೆದಳು.

"ಅಕ್ಕಿ ಹೆಚ್ಚಿದೆ. ಬೇಗ ನೋಡಿ."

ಕಣ್ಣಿನಲ್ಲಿ ಓದಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಬಾಯಿಗೆ ಬಂದದ್ದೇ ಆ ಮಾತು ಬೇರೆಯಾಯಿತು. ಅವಳು ಚಿಕ್ಕ ಹುಡುಗಿಯಾಗಿ ಮೂಡಿಗೆರೆಯ ತಮ್ಮ ಹಳೆಯ ಅಡುಗೆಮನೆಯಲ್ಲಿ ನಿಂತಿದ್ದಳು, ಅಮ್ಮ ಖಾಲಿ ಡಬ್ಬಿಯನ್ನು ಬೋರಲು ಹಾಕಿ ತಟ್ಟುತ್ತ, ಅಂಗಡಿಗೆ ಓಡು, ಉಪ್ಪು ಹೆಚ್ಚಿದೆ ಅಂತ ಹೇಳು ಎನ್ನುತ್ತಿದ್ದಳು. ಹೆಚ್ಚಿದ್ರೆ ಮತ್ಯಾಕಮ್ಮ ತರೋದು ಎಂದು ತಾನು ಜಾಣೆಯ ಹಾಗೆ ಕೇಳಿ ತಲೆಗೆ ಮೊಟಕಿಸಿಕೊಂಡದ್ದು. ಮನೆಯಲ್ಲಿ ಅಕ್ಕಿ ಉಪ್ಪು ಕುಂಕುಮಕ್ಕೆ ಇಲ್ಲ ಎನ್ನಬಾರದು, ಮುಗಿಯಿತು ಎನ್ನಬಾರದು. ಇಲ್ಲ ಎಂದರೆ ಇಲ್ಲವೇ ಆಗಿಬಿಡುತ್ತದೆ. ಹೆಚ್ಚಿದೆ ಎನ್ನಬೇಕು. ಎಷ್ಟು ಸಲ ಹಾಗೆ ಹೇಳುತ್ತ ಅಂಗಡಿಗೆ ಹೋಗಿದ್ದಳು! ಅಂಗಡಿಯ ಶೆಟ್ಟರು ಒಂದು ದಿನವೂ ಅರ್ಥ ಕೇಳದೆ ಉಪ್ಪು ತೂಗಿ ಕೊಟ್ಟಿದ್ದರು. ಅದೇ ಮಾತು ಇಲ್ಲಿ ನಾಲ್ಕು ಸಲ, ಒಂದರ ಕೆಳಗೊಂದು. ಅಕ್ಕಿ ಹೆಚ್ಚಿದೆ. ಅಕ್ಕಿ ಪೂರಾ ಹೆಚ್ಚಿದೆ ಸರ್. ಹೋದ ವಾರವೂ ಹೇಳಿದೆ, ಅಕ್ಕಿ ಹೆಚ್ಚಿದೆ, ಮಕ್ಕಳಿಗೆ ಕಷ್ಟ. ಆಕೆ ಹೆಚ್ಚು ಹೆಚ್ಚು ಕೂಗಿದಷ್ಟೂ ತನ್ನ ಹಸಿರು ಹೆಚ್ಚು ಹೆಚ್ಚು ಎತ್ತರಕ್ಕೆ ಹೋಗಿತ್ತು. ಮಕ್ಕಳಿಗೆ ಕಷ್ಟ ಎಂಬುದನ್ನು ಸಾಫ್ಟ್‌ವೇರ್ ಯಾವ ಗುಂಪಿಗೂ ಸೇರಿಸದೆ ಒಂದು ಮೂಲೆಯಲ್ಲಿ ಇತರೆ ಎಂದು ಇಟ್ಟಿತ್ತು. ಅದು ಕೇಳಿತ್ತಲ್ಲ. ವಿನಯದಿಂದ ಕೇಳಿತ್ತು. ಹೌದು ಎಂದದ್ದು ಅವಳು.

"ಮತ್ತೆ?" ಎಂದಳು ರುಕ್ಮಿಣಮ್ಮ. "ಸರಿಯಾಗೇ ಹೇಳಿದೀನಲ್ಲ. ಒಂದ್ಸಲ ಅಲ್ಲ, ವಾರವಾರ. ಯಾರೂ ಕಳಿಸ್ಲಿಲ್ಲ. ಫೋನ್ ಮಾಡ್ಬಾರ್ದಂತೆ, ಅದಕ್ಕೊಂದು ಕಾನೂನು. ಲೈನಲ್ಲಿ ಮನೆಮನೆ ತಿರುಗಿ ಸೇರು ಪಾವು ಕಡ ತಂದು ಗಂಜಿ ಕಾಯಿಸ್ತಿದೀನಿ. ಕಡ ಕೊಟ್ಟೋರೇ ಈಗ ನನ್ನ ಮುಖ ನೋಡ್ತಿಲ್ಲ."

ಶಾಂತವೀರಪ್ಪನವರು ಗಾನವಿಯ ಮೊಣಕೈ ಹತ್ತಿರ ಗಾಳಿಯಲ್ಲಿ ಕೈಯಾಡಿಸಿ, ಬನ್ನಿ ಎಂದು ಜೀಪಿನ ಮರೆಗೆ ಕರೆದುಕೊಂಡು ಹೋದರು. ಅವರ ಮುಖದಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದಿರುವುದನ್ನು ಅವಳು ಓದಲು ನೋಡಿದಳು. ಇವರೂ ಆಲ್ದೂರಿನ ಮನೆಯೊಂದರಲ್ಲಿ ಹುಟ್ಟಿ ಬೆಳೆದವರೇ, ಇವರ ಅಮ್ಮನೂ ಯಾರನ್ನೋ ಅಂಗಡಿಗೆ ಓಡಿಸಿರಬೇಕು.

"ನಿಮಗೆ ಗೊತ್ತಾಗಿತ್ತಾ ಸರ್?"

"ಎಂತದು?"

"ಆ ಮಾತಿನ ಅರ್ಥ. ಮೀಟಿಂಗಲ್ಲಿ."

"ಮಾತು ಯಾರು ಓದಿದ್ರು ಮಾರಾಯ್ರೆ? ಹಸಿರಿತ್ತು, ಹಸಿರು ನೋಡ್ದೆ." ಅವರು ದನಿ ಇಳಿಸಿದರು. "ನೋಡಿ, ಇದನ್ನ ದೊಡ್ಡದು ಮಾಡೋದು ಬೇಡ. ನಾಳೆ ಅಕ್ಕಿ ಬರುತ್ತೆ. ಇವಳನ್ನ ಬಾಳೂರಿನ ತೋಟಕ್ಕೆ ಹಾಕ್ಬಿಡೋಣ, ಕೆಲಸ ಹೋಗಲ್ಲ. ನೆಟ್‌ವರ್ಕ್ ತೊಂದ್ರೆ ಅಂತ ಒಂದು ಸಾಲು ಬರೀರಿ. ಈ ಸಾಫ್ಟ್‌ವೇರ್‌ಗೆ ನಾನು ಬೋರ್ಡಲ್ಲಿ ಎಷ್ಟು ಹೋರಾಡಿದೀನಿ ಗೊತ್ತಲ್ಲ. ನೀವೂ ಮೇಲೆ ಬರಬೇಕಾದವ್ರು."

ಗಾನವಿಯನ್ನು ಉಳಿಸುತ್ತಿದ್ದರು. ಅವಳಿಗೆ ಗೊತ್ತಿದ್ದದ್ದು ಅನುಮಾನಿಸುವುದು. ಯಾರಾದರೂ ಉಳಿಸಲು ಬಂದರೆ ಏನು ಮಾಡಬೇಕು ಎಂಬುದು ಗೊತ್ತಿರಲಿಲ್ಲ. ಒಂದು ಸಾಲು. ಅದನ್ನು ಎಷ್ಟು ಜಾಗ್ರತೆಯಿಂದ ಬರೆಯಬಹುದೆಂದು ಮನಸ್ಸು ಆಗಲೇ ಶಬ್ದ ಹುಡುಕುತ್ತಿತ್ತು: ತಾಂತ್ರಿಕ ಕಾರಣಗಳಿಂದ, ಮಾಹಿತಿಯ ವಿಳಂಬದಿಂದ. ಯಾರ ಮೇಲೂ ಬೀಳದ, ಯಾರನ್ನೂ ಎತ್ತದ ಶಬ್ದಗಳು. ರುಕ್ಮಿಣಮ್ಮ ಬಾಳೂರಿಗೆ ಹೋಗುತ್ತಾಳೆ, ಅಲ್ಲಿ ಅಡುಗೆಮನೆಯ ಬೀಗದ ಕೈಯನ್ನು ಬೇರೆಯವರು ಇಟ್ಟುಕೊಳ್ಳುತ್ತಾರೆ, ಹೊನ್ನೆಗದ್ದೆಯಿಂದ ಯಾಕೆ ಕಳಿಸಿದರು ಎಂದು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಜಗಲಿಯ ಮೇಲೆ ಒಂದು ಮಗು ತಟ್ಟೆ ಎತ್ತಿ ಗಂಜಿ ಕುಡಿಯುತ್ತ ತಟ್ಟೆಯ ಅಂಚಿನ ಮೇಲಿನಿಂದ ಅವಳನ್ನೇ ನೋಡುತ್ತಿತ್ತು.

"ಅಕ್ಕಿ ಇವತ್ತೇ ಬರಲಿ ಸರ್. ಸುದೀಪನಿಗೆ ಫೋನ್ ಮಾಡ್ತೀನಿ" ಎಂದು ಅವಳು ಜಗಲಿಗೆ ವಾಪಸು ಬಂದಳು. ಅವರು ಹಿಂದೆಯೇ ಬಂದರು. ಫೋನಿನ ಸ್ಪೀಕರ್ ಹಾಕಿದಳು. ಯಾಕೆ ಹಾಕಿದಳೋ ಆಮೇಲೂ ಅವಳಿಗೆ ಸರಿಯಾಗಿ ಹೇಳಲಾಗಲಿಲ್ಲ.

"ಹೇಳಿ ಮೇಡಂ, ಕಳ್ಳಿ ಸಿಕ್ಕಿದ್ಲಾ?" ಸುದೀಪನ ದನಿ ಜಗಲಿಯ ತುಂಬ ಹರಡಿತು. ರುಕ್ಮಿಣಮ್ಮನ ಕೈಯಲ್ಲಿದ್ದ ಸೌಟು ಇಳಿಯಿತು.

"ಸುದೀಪ," ಎಂದಳು ಗಾನವಿ. ಅಕ್ಕಿ ಇಲ್ಲ ಎಂದು ಹೇಳಬೇಕಿತ್ತು. ನೇರವಾದ, ಯಾರಿಗೂ ತಪ್ಪು ತಿಳಿಯದ ಮಾತು. ಎದುರಿಗೆ ತಟ್ಟೆ ಹಿಡಿದ ಮಕ್ಕಳು ಕೂತಿದ್ದರು. ಆ ಮಾತು ನಾಲಗೆಗೆ ಬರಲಿಲ್ಲ. "ಇಲ್ಲಿ ಅಕ್ಕಿ ಹೆಚ್ಚಿದೆ."

"ಅಯ್ಯಯ್ಯೋ! ಎಂತ ಹೇಳ್ತೀರಿ? ಯಾವಾಗಿಂದ? ಮಕ್ಕಳಿಗೆ ಎಂತ ಹಾಕ್ತಿದಾರೆ ಮತ್ತೆ? ತಡೀರಿ ತಡೀರಿ, ಕಳಸದಲ್ಲಿ ನಮ್ಮೋರ ಅಂಗಡಿಯಿದೆ, ಈಗ್ಲೇ ಆಟೋದಲ್ಲಿ ಎರಡು ಮೂಟೆ ಹಾಕಿಸ್ತೀನಿ."

ಜಗಲಿಯಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಒಂದು ಉಸಿರಿನಲ್ಲಿ ಅರ್ಥವಾಗಿತ್ತು ಅವನಿಗೆ.

"ನಾಲ್ಕು ವಾರದಿಂದ," ಎಂದಳು ಗಾನವಿ. "ಇವರು ಹಾಗೇ ಹೇಳಿದ್ರು. ನಾನು ಹಸಿರಲ್ಲಿ ತೋರಿಸಿದ್ನಲ್ಲ, ಅದು ಇದೇ."

ಆ ಕಡೆ ಸುದೀಪ ಕುರ್ಚಿ ಎಳೆದು ಕೂತ ಸದ್ದು ಬಂತು.

"ಮೇಡಂ," ಎಂದ ಸುದೀಪ, ದನಿ ತಗ್ಗಿತ್ತು, "ಅವತ್ತು ಮೀಟಿಂಗಲ್ಲಿ ಹಸಿರು ಗುಂಪಿನ ಕೆಳಗೆ ಹೆಚ್ಚಿದೆ ಅನ್ನೋ ಮಾತೂ ಸಣ್ಣಕ್ಷರದಲ್ಲಿ ಬಂದಿತ್ತು. ನಂಗೆ ಒಂಥರಾ ಅನ್ನಿಸ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನೀವು ತೋರಿಸ್ತಿದ್ರಲ್ಲ. ನಿಮಗೆ ತಿಳೀದೆ ಇರುತ್ತಾ ಅಂತ ಸುಮ್ಮನಾದೆ."

ಇಷ್ಟು ವರ್ಷ ತನ್ನನ್ನು ಎಲ್ಲರೂ ಕೀಳಾಗಿ ಕಾಣುತ್ತಾರೆಂದು ಬಾಗಿಲ ಸಂದಿ, ಬೆನ್ನ ಹಿಂದಿನ ನಗು, ತೆರೆಯದ ಬಾಟಲಿ ಎಲ್ಲವನ್ನೂ ಕಾಯುತ್ತ ಬಂದವಳಿಗೆ, ತನ್ನ ಮಾತನ್ನು ಹೀಗೆ ಕಣ್ಣುಮುಚ್ಚಿ ನಂಬುವ ಒಬ್ಬನು ಪಕ್ಕದ ಮೇಜಿನಲ್ಲೇ ಇದ್ದದ್ದು ಕಂಡಿರಲಿಲ್ಲ. ಅದು ಸಂತೋಷದ ವಿಷಯವಾಗಬೇಕಿತ್ತು. ಅವಳು ಫೋನು ಆರಿಸಿದಳು. ಶಾಂತವೀರಪ್ಪನವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ ನಿಂತಿದ್ದರು, ಒರೆಸುವುದು ಮುಗಿಯುತ್ತಲೇ ಇರಲಿಲ್ಲ.

"ಅಕ್ಕಿ ಬರುತ್ತಂತೆ, ಸಂತೋಷ" ಎಂದಳು ರುಕ್ಮಿಣಮ್ಮ. "ನನ್ನ ವಿಷಯ? ಅದನ್ನ ಯಾವ ಆಟೋದಲ್ಲಿ ಕಳಿಸ್ತೀರಿ?"

ಗಾನವಿ ಶಾಂತವೀರಪ್ಪನವರ ಕಡೆ ನೋಡಲಿಲ್ಲ. "ರುಕ್ಮಿಣಮ್ಮ ಅಕ್ಕಿ ತೆಗೆದಿಲ್ಲ" ಎಂದಳು. "ಅವರು ಸರಿಯಾಗೇ ಹೇಳಿದ್ರು. ನಾನು ತಪ್ಪು ತಿಳ್ಕೊಂಡೆ. ತಪ್ಪು ನನ್ನದು."

ಮಾತು ತಾನು ಅಂದುಕೊಂಡಿದ್ದಕ್ಕಿಂತ ಬಹಳ ಸಣ್ಣದಾಗಿ ಹೊರಬಂದಿತ್ತು. ಮುಂದೆ ಕೂತ ನಾಲ್ಕಾರು ಜನರಿಗೆ ಕೇಳಿತು, ಅಷ್ಟೆ. ಹಿಂದಿನಿಂದ ಒಬ್ಬ ಹೆಂಗಸು, "ಎಂತ ಅಂತೆ? ಎಂತ ಅಂದ್ರು?" ಎಂದು ಪಕ್ಕದವಳನ್ನು ತಿವಿದಳು. ಪಕ್ಕದವಳಿಗೂ ಗೊತ್ತಿರಲಿಲ್ಲ.

ರುಕ್ಮಿಣಮ್ಮ ಪಾತ್ರೆಯ ಮೇಲೆ ಸೌಟನ್ನು ಅಡ್ಡ ಇಟ್ಟಳು. ಆಕೆಯ ಮುಖದಲ್ಲಿ ಕ್ಷಮೆಯಿರಲಿಲ್ಲ, ಸಿಟ್ಟೂ ಅಷ್ಟಾಗಿ ಇರಲಿಲ್ಲ.

"ಹಿಂದಿನೋರಿಗೆ ಕೇಳ್ಲಿಲ್ಲಮ್ಮ" ಎಂದಳು. "ಕಡ ಕೊಟ್ಟೋರು ಹಿಂದೆ ಕೂತಿದಾರೆ. ಜೋರಾಗಿ ಹೇಳು."

ಮೊದಲ ಸಲ ಅವಳು ತಾನಾಗಿ ಹೇಳಿದ್ದಳು. ಈ ಸಲ ಹೇಳಿಸಿಕೊಂಡು ಹೇಳಬೇಕಿತ್ತು. ಗಾನವಿ ಟ್ಯಾಬನ್ನು ಜಗಲಿಯ ಕಟ್ಟೆಯ ಮೇಲೆ ಬೋರಲು ಇಟ್ಟು, ಮಕ್ಕಳ ತಲೆಗಳ ಮೇಲಿನಿಂದ ಕೊನೆಯ ಸಾಲಿನ ಕಡೆಗೆ ನೋಡುತ್ತ ಮತ್ತೆ ಮೊದಲಿನಿಂದ ಹೇಳಲು ಶುರುಮಾಡಿದಳು.